ಮುಟ್ಟು ನಿಲ್ಲುವ ಮುನ್ನಿನ ವರ್ಷಗಳು

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟದ ಮನೆ ನಮ್ಮದು. ಒಂದೂವರೆ ವರ್ಷದಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೇ ಬಂದರೆ ಇನ್ನೊಮ್ಮೆ ಎರಡು ತಿಂಗಳಾದರೂ ಬರುವುದಿಲ್ಲ. ಬಂದರೆ ಎಂಟು ಹತ್ತು ದಿನ, ಗಡ್ಡೆಗಡ್ಡೆಯಾಗಿ ಹೋಗುತ್ತದೆ. ಕಳೆದ ಕೊಯ್ಲಿನಲ್ಲಿ ಎಲ್ಲರೂ ಶಾಲು ಹೊದ್ದು ಅಡಿಕೆ ಸುಲಿಯುತ್ತಿದ್ದಾಗ ನನಗೊಬ್ಬಳಿಗೇ ಎದೆಯಿಂದ ಮುಖಕ್ಕೆ ಬಿಸಿ ಏರಿ, ರವಿಕೆ ಒದ್ದೆಯಾಗುವಷ್ಟು ಬೆವರಿತು. ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ‘ಮುಟ್ಟು ನಿಲ್ಲುವ ಕಾಲಕ್ಕೆ ಎಲ್ಲರಿಗೂ ಹೀಗೇ’ ಎನ್ನುತ್ತಾರೆ ಅತ್ತೆಯವರು. ಗರ್ಭಕೋಶ ತೆಗೆಸಿಬಿಡು ಎನ್ನುತ್ತಾಳೆ ಓರಗಿತ್ತಿ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಮಾತು ಅರ್ಧ ಸರಿ. ಬಿಸಿ ಏರುವುದು, ನಿದ್ದೆಗೆಡುವುದು, ಮನಸ್ಸು ಹದ ತಪ್ಪುವುದು ಈ ವಯಸ್ಸಿನ ಅನೇಕ ಹೆಂಗಸರ ಅನುಭವ. ಆದರೆ ಎಂಟು ಹತ್ತು ದಿನ ಗಡ್ಡೆಗಟ್ಟಿ ಹೋಗುವ ರಕ್ತವನ್ನೂ ಅದೇ ಸಾಲಿಗೆ ಸೇರಿಸಿ ಸಹಿಸಿಕೊಂಡು ಕೂರುವುದು ಖಂಡಿತ ಸರಿಯಲ್ಲ. ಆದ್ದರಿಂದ ಅದರ ಬಗ್ಗೆಯೇ ಮೊದಲು ಹೇಳುತ್ತೇನೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಮಾತ್ರ ಅದನ್ನು ಋತುಬಂಧ ಎನ್ನುತ್ತೇವೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ವಯಸ್ಸಿಗೆ ಆಗುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಅಂಡಾಶಯದ ಕೆಲಸ ಏರುಪೇರಾಗುತ್ತದೆ. ನೀವು ಈಗ ಇರುವುದು ಈ ಘಟ್ಟದಲ್ಲಿ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಇನ್ನೊಂದು ಹಾರ್ಮೋನಾದ ಈಸ್ಟ್ರೋಜನ್ ಒಂದರಿಂದಲೇ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಕಳಚುವಾಗ ಹೆಚ್ಚು ದಿನ, ಹೆಚ್ಚು ರಕ್ತ ಹೋಗುತ್ತದೆ. ನಿಮಗೂ ಬಹುಶಃ ಹೀಗೇ ಆಗುತ್ತಿರಬಹುದು. ಆದರೆ ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ತೊಂದರೆ, ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಕೂಡ ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಪರೀಕ್ಷೆ ಮಾಡದೆ ‘ವಯಸ್ಸಿನದು’ ಎಂದು ತೀರ್ಮಾನಿಸುವ ಹಕ್ಕು ಅತ್ತೆಯವರಿಗೂ ಇಲ್ಲ, ನನಗೂ ಇಲ್ಲ. ತೀರ್ಥಹಳ್ಳಿಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಸ್ತ್ರೀರೋಗ ತಜ್ಞರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಸ್ಕ್ಯಾನಿಂಗ್ ಮಾಡಿಸಿ. ನಿಮಗೆ 45 ದಾಟಿರುವುದರಿಂದ ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ವೈದ್ಯರು ಹೇಳಿದರೆ ಗಾಬರಿಯಾಗಬೇಡಿ, ಬೇಡವೆನ್ನಲೂಬೇಡಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ನಿಮ್ಮ ಸುಸ್ತಿಗೂ ಸಿಟ್ಟಿಗೂ ರಕ್ತಹೀನತೆಯ ಪಾಲಿರಬಹುದು. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅದರ ಜೊತೆ ಕಾಫಿ, ಚಹಾ ಕುಡಿಯಬೇಡಿ. ಮಾತ್ರೆಯ ಸಾರ ಮೈಗೆ ಹತ್ತುವುದಿಲ್ಲ.

ಗರ್ಭಕೋಶ ತೆಗೆಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ‘ಮಕ್ಕಳಾದ ಮೇಲೆ ಅದರ ಕೆಲಸವೇನು’ ಎಂಬ ಮಾತನ್ನು ನಂಬಿ, ಮಾತ್ರೆಯಲ್ಲೇ ಹತೋಟಿಗೆ ಬರುತ್ತಿದ್ದ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೊತೆಯಲ್ಲಿ ಅಂಡಾಶಯಗಳನ್ನೂ ತೆಗೆದರಂತೂ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಮೈಮೇಲೆ ಬೀಳುತ್ತದೆ. ಮೂಳೆ, ಹೃದಯ ಎರಡಕ್ಕೂ ಪೆಟ್ಟು. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಹಾರ್ಮೋನು ಬಿಡುಗಡೆ ಮಾಡುವ ವಂಕಿಯನ್ನು ಗರ್ಭಕೋಶದೊಳಗೆ ಇಡುವ ದಾರಿಯಿದೆ. ಇವುಗಳನ್ನು ಕೇಳದೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ.

ಇನ್ನು ಆ ಬಿಸಿ. ಈಸ್ಟ್ರೋಜನ್ ಏರಿಳಿಯುವಾಗ ಮಿದುಳಿನಲ್ಲಿ ಮೈಯ ಉಷ್ಣಾಂಶವನ್ನು ಕಾಯುವ ಭಾಗ ಅತಿಸೂಕ್ಷ್ಮವಾಗಿ, ಚೂರೇ ಬಿಸಿಗೂ ಬೆವರಿಸಿ ಮೈ ತಣಿಸಲು ಹೊರಡುತ್ತದೆ. ಹಾಗಾಗಿ ಮಾಗಿಯ ಚಳಿಯಲ್ಲೂ ಬೆವರು. ಒಂದೈದು ನಿಮಿಷದಲ್ಲಿ ಇಳಿಯುತ್ತದೆ, ಆಮೇಲೆ ನಡುಕ ಬರುವುದೂ ಉಂಟು. ನಾನೂ ಈ ದಿನಗಳನ್ನು ಕಂಡವಳು. ರೋಗಿಯ ನಾಡಿ ಹಿಡಿದಿದ್ದಾಗಲೇ ಕನ್ನಡಕಕ್ಕೆ ಹಬೆ ಕಟ್ಟಿದ್ದು ನೆನಪಿದೆ. ತೆಳು ಹತ್ತಿಬಟ್ಟೆ ಉಟ್ಟು ಮೇಲೊಂದು ಶಾಲು ಹೊದ್ದರೆ ಬೇಕೆಂದಾಗ ತೆಗೆಯಬಹುದು. ಸಂಜೆಯ ಕಾಫಿ ಬಿಡಿ. ಇಷ್ಟರಿಂದ ತಡೆಯಲಾಗದಿದ್ದರೆ ಹಾರ್ಮೋನು ಚಿಕಿತ್ಸೆಯಿದೆ. ಅದರಿಂದ ಸ್ತನ ಕ್ಯಾನ್ಸರ್, ಹೃದ್ರೋಗದ ಅಪಾಯ ಹೆಚ್ಚುತ್ತದೆಂದು 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೇಳಿದ ಮೇಲೆ ಎಲ್ಲರೂ ಅದಕ್ಕೆ ಹೆದರಿದರು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು ಅಥವಾ ಯಕೃತ್ತಿನ ಕಾಯಿಲೆ ಇಲ್ಲದ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂಬುದು ಈಗಿನ ತಿಳಿವಳಿಕೆ. ಆದರೆ ರಕ್ತಸ್ರಾವದ ಕಾರಣ ತಿಳಿಯುವ ಮುಂಚೆ ಅದನ್ನು ಶುರು ಮಾಡುವಂತಿಲ್ಲ.

ಮುಂದೆ ಮೂಳೆಯ ಚಿಂತೆ ಬರುತ್ತದೆ. ನಮ್ಮ ಕಡೆಯ ಅಕ್ಕಿ ರೊಟ್ಟಿ, ಕಡುಬಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ದಿನಕ್ಕೊಮ್ಮೆ ರಾಗಿ, ಜೊತೆಗೆ ಮಜ್ಜಿಗೆ, ಎಳ್ಳು ಇರಲಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲೇ ಇರದ ಕಾರಣ ವಿಟಮಿನ್ ಡಿ ಬಗ್ಗೆಯೂ ವೈದ್ಯರನ್ನು ಕೇಳಿ.

ಸಿಟ್ಟು, ಅಳುವಿನ ಬಗ್ಗೆ ನಿಮ್ಮ ಯಜಮಾನರಿಗೆ ಈ ಪುಟವನ್ನೇ ಓದಲು ಕೊಡಿ. ಆಸ್ಪತ್ರೆಗೆ ಹೋಗುವಾಗ ಅವರೂ ಜೊತೆಗೆ ಬರಲಿ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅದನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ನನ್ನ ಅಮ್ಮನಿಗೆ 54. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಹೋದ ವಾರ ಎರಡು ದಿನ ಸ್ವಲ್ಪ ರಕ್ತ ಕಾಣಿಸಿತು, ಈಗಿಲ್ಲ. ‘ಉಷ್ಣಕ್ಕೆ ಆಗಿರಬೇಕು’ ಎಂದು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. — ಸಾಗರದ ಓದುಗರು

ಉತ್ತರ: ನಿಂತ ಮುಟ್ಟು ಮತ್ತೆ ಕಾಣಿಸಿದರೆ, ಅದು ಒಂದೇ ಒಂದು ಹನಿಯಾದರೂ, ಉಷ್ಣವೆಂದು ಸುಮ್ಮನಾಗುವಂತಿಲ್ಲ. ಹೆಚ್ಚಿನವರಲ್ಲಿ ಕಾರಣ ಒಳಚರ್ಮ ತೆಳುವಾಗಿರುವಂತಹ ಸಣ್ಣದೇ ಆಗಿರುತ್ತದೆ. ಕೆಲವರಲ್ಲಿ ಮಾತ್ರ ಕ್ಯಾನ್ಸರ್, ಅದೂ ಬೇಗ ಗೊತ್ತಾದರೆ ಗುಣಪಡಿಸಬಹುದಾದದ್ದು. ಅಮ್ಮನಿಗೆ ನಾಚಿಕೆಯಾದರೆ ಮಹಿಳಾ ವೈದ್ಯರ ಬಳಿಯೇ ಕರೆದೊಯ್ಯಿರಿ. ಈ ವಾರವೇ ಹೋಗಿ.