ಆಪ್ತಸಲಹೆ ಪ್ರಕರಣ: ಚೀಲದ ತಳದಲ್ಲಿ ಯೂನಿಫಾರ್ಮ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗ. ಅವರಿಗೆ ನಲವತ್ತರ ಆಸುಪಾಸು. ಖಾಸಗಿ ಆಸ್ಪತ್ರೆಯೊಂದರಲ್ಲಿ ಆರು ವರ್ಷದಿಂದ ಗುತ್ತಿಗೆ ಹೌಸ್‌ಕೀಪಿಂಗ್ ಕೆಲಸ. ಗಂಡ ಗಾರೆ ಕೆಲಸದವರು, ಕೆಲಸ ಸಿಕ್ಕ ದಿನ ಉಂಟು, ಸಿಗದ ದಿನ ಇಲ್ಲ. ಮಗಳು ಒಂಬತ್ತನೇ ತರಗತಿ. ರಾತ್ರಿ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಸೊಂಟ ಹಿಡಿದುಕೊಂಡಿದೆ ಎಂದು ಬಂದವರು.

ಅವರ ಚೀಲದ ತಳದಲ್ಲಿ ಮಡಚಿದ ಯೂನಿಫಾರ್ಮ್, ಅದರ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಟವೆಲ್. ಬಸ್ಸಿನಲ್ಲಿ ಯಾರ ಕಣ್ಣಿಗೂ ಬೀಳಬಾರದು. ಬೀದಿಯವರಿಗೆ ‘ಆಸ್ಪತ್ರೇಲಿ ಕೆಲಸ’ ಎಂದಷ್ಟೇ ಗೊತ್ತು. ಮಗಳು ಗೆಳತಿಯರಿಗೆ ಅಮ್ಮ ನರ್ಸ್ ಎಂದಿದ್ದಾಳೆ. ಕೆಲಸದ ವೇಳೆ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ, ಏಕೆಂದರೆ ತಾವೇ ತೊಳೆಯುವ ಶೌಚಾಲಯವನ್ನು ಬಳಸಲು ಇವರಿಗೆ ಅನುಮತಿಯಿಲ್ಲ. ಉರಿಮೂತ್ರ ಪದೇ ಪದೇ ಕಾಡುತ್ತದೆ.

ಇಂಥವರು ಬಂದಾಗ ಕೀಳರಿಮೆಯ ಮಾತನ್ನೇ ಮೊದಲು ಎತ್ತಿಕೊಳ್ಳುವುದು ರೂಢಿ. ಅದು ಸರಿಯಲ್ಲ. ದುಡಿದ ದುಡ್ಡು ಎಲ್ಲಿ ಸೋರುತ್ತಿದೆ ಎಂದೇ ತಿಳಿಯದವರಿಗೆ ‘ಧೈರ್ಯ ತಂದುಕೊಳ್ಳಿ’ ಎಂದರೆ ಏನೂ ಉಪಯೋಗವಾಗದು. ಹಾಗಾಗಿ ಎರಡನೇ ಭೇಟಿಗೆ ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ತರಲು ಹೇಳಲಾಯಿತು.

ಚೀಟಿಯಲ್ಲಿ ಸಂಬಳ 14,000 ರೂಪಾಯಿ. ಕಾರ್ಮಿಕರ ಪಾಲು ಪಿಎಫ್‌ಗೆ ಶೇ. 12, ಅಂದರೆ 1,680, ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆ) ಶೇ. 0.75, ಅಂದರೆ 105. ಕೈಗೆ 12,215 ಬರಬೇಕು. ಬರುತ್ತಿದ್ದುದು 10,080. ಲೆಕ್ಕ ಹಾಕಿದಾಗ ಗೊತ್ತಾಯಿತು: ಮಾಲೀಕರು ಕಟ್ಟಬೇಕಾದ ಶೇ. 12 ಮತ್ತು ಶೇ. 3.25 ಕೂಡ ಇವರ ಸಂಬಳದಲ್ಲೇ ಕಡಿತವಾಗುತ್ತಿತ್ತು. ತಿಂಗಳಿಗೆ 2,135 ರೂಪಾಯಿ! ಮಾಲೀಕರ ಪಾಲನ್ನು ಕಾರ್ಮಿಕರಿಂದ ವಸೂಲಿ ಮಾಡಲು ಕಾನೂನು ಬಿಡುವುದಿಲ್ಲ.

ಕಡಿತವಾದದ್ದು ಜಮಾ ಆಗಿದೆಯೇ ಎಂದು ನೋಡಲು ಹೊರಟಾಗ ಇನ್ನೊಂದು ತೊಡಕು. ಯುಎಎನ್‌ಗೆ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಜೋಡಿಸಿದ್ದು ಸೂಪರ್‌ವೈಸರ್ ಮೊಬೈಲ್, ಒಟಿಪಿ ಅವನಿಗೇ ಹೋಗುತ್ತದೆ. ಗುತ್ತಿಗೆದಾರ ಬದಲಾದಾಗ ಹೊಸ ಯುಎಎನ್ ಮಾಡಿದ್ದರು. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಖಾತೆ ಹೀಗೆ ತುಂಡಾಗಿದ್ದರೆ, ನೆಲ ಒರೆಸಿದ ಅಷ್ಟೂ ವರ್ಷಗಳು ಲೆಕ್ಕಕ್ಕೆ ಬರದೇ ಹೋಗಬಹುದು.

ಕೊಟ್ಟ ಸಲಹೆ: ಮೊದಲು ಆಧಾರ್ ಕೇಂದ್ರದಲ್ಲಿ ಸ್ವಂತ ಮೊಬೈಲ್ ಸಂಖ್ಯೆ ಸೇರಿಸುವುದು. ಆಮೇಲೆ ಯುಎಎನ್‌ನ ಹೆಸರು, ಹುಟ್ಟಿದ ದಿನ, ಮೊಬೈಲ್ ತಿದ್ದಿಸಿ, ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸುವುದು. ಈ ಕ್ರಮ ತಪ್ಪಿದರೆ ಅರ್ಜಿ ತಿರಸ್ಕಾರವಾಗಿ ವಾಪಸ್ ಬರುತ್ತದೆ. ಸರ್ಕಾರದ ಉಮಂಗ್ ಆಪ್‌ನಲ್ಲಿ ಪ್ರತಿ ತಿಂಗಳ ಜಮಾ ನೋಡಬಹುದು.

ಸಂಬಳ ಕಡಿತದ ಬಗ್ಗೆ ಒಬ್ಬರೇ ಬಾಯಿಮಾತಲ್ಲಿ ಕೇಳಬೇಡಿ ಎಂದು ಎಚ್ಚರಿಸಿದ್ದರೂ ಗ. ಸೂಪರ್‌ವೈಸರನ್ನು ಕೇಳಿದರು. ಮಾರನೇ ವಾರದಿಂದ ರಾತ್ರಿ ಪಾಳಿ. ನಂತರ ಏಳು ಮಂದಿ ಸಹಿ ಹಾಕಿ ಬರೆದುಕೊಟ್ಟರು: ಒಂದು ಪ್ರತಿ ಗುತ್ತಿಗೆದಾರರಿಗೆ, ಒಂದು ಆಸ್ಪತ್ರೆಯ ಆಡಳಿತಕ್ಕೆ, ಒಂದು ಕಾರ್ಮಿಕ ಇಲಾಖೆಗೆ. ಗುತ್ತಿಗೆದಾರರು ಕೊಡದಿದ್ದರೆ ಮೂಲ ಮಾಲೀಕರು, ಅಂದರೆ ಆಸ್ಪತ್ರೆಯೇ ಹೊಣೆ. ಆಡಳಿತಕ್ಕೆ ಇದು ಚೆನ್ನಾಗಿ ಗೊತ್ತು. ಶೌಚಾಲಯದ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿದ್ದರು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಸೊಂಟ ನೋವಿಗೆ ರಜೆ ಹಾಕಿದರೆ ಸಂಬಳ ಹೋಗುತ್ತದೆಂದು ನುಂಗಿಕೊಂಡಿದ್ದರು. ಆರು ತಿಂಗಳ ವಂತಿಗೆ (ಇಎಸ್‌ಐಗೆ ಕಟ್ಟುವ ಪಾಲು) ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ವೇತನ ಸಿಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಎಟಿಎಂ ಕಾರ್ಡ್ ಗಂಡನ ಬಳಿ. ಇಲ್ಲಿ ಅವಸರ ಕೂಡದು. ಪಿನ್ ಬದಲಿಸಿದ ದಿನವೇ ಹೊಡೆತ ಬೀಳುವ ಮನೆಗಳಿವೆ. ಮೊದಲು ಗ. ಒಬ್ಬರನ್ನೇ ಕೂರಿಸಿ ‘ಕೈ ಮಾಡುತ್ತಾರಾ?’ ಎಂದು ನೇರವಾಗಿ ಕೇಳಲಾಯಿತು. ಇಲ್ಲ, ಆದರೆ ಕೂಗಾಡುತ್ತಾರೆ ಎಂದರು. ಸದ್ಯಕ್ಕೆ ಬ್ಯಾಂಕ್ ಸಂದೇಶಗಳು ಮಾತ್ರ ಅವರ ಫೋನಿಗೆ ಬರುವಂತೆ ಮಾಡಿಸಿ, ಮಹಿಳಾ ಸಹಾಯವಾಣಿ 181 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದ್ದಾಯಿತು.

ಯೂನಿಫಾರ್ಮಿನ ವಿಷಯ ನಾಲ್ಕನೇ ಭೇಟಿಯಲ್ಲಿ ಅವರಾಗಿಯೇ ತೆಗೆದರು. ಪಿಎಫ್ ಪಾಸ್‌ಬುಕ್ ಓದಲು ಬಾರದೆ ಮಗಳ ಕೈಗೆ ಫೋನ್ ಕೊಟ್ಟಿದ್ದರಂತೆ. ಅವಳು ತಿಂಗಳು ತಿಂಗಳಾಗಿ ಓದುತ್ತಾ ಹೋಗಿ, ಜಮಾ ಆಗದ ನಾಲ್ಕು ತಿಂಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟಳಂತೆ. ಗೆಳತಿಯರಿಗೆ ನಿಜ ಹೇಳೆಂದು ಹುಡುಗಿಯನ್ನು ಒತ್ತಾಯಿಸಬೇಡಿ, ಲೆಕ್ಕ ನೋಡುವ ಕೆಲಸ ಅವಳಿಗೇ ಇರಲಿ ಎಂದು ತಿಳಿಸಲಾಯಿತು.

ಈಗ ನಿದ್ದೆ ಐದು ಗಂಟೆಯಷ್ಟು. ಮಾಲೀಕರ ಪಾಲಿನ ಕಡಿತ ನಿಂತಿದೆ, ಹಿಂದಿನ ಬಾಕಿ ಬಂದಿಲ್ಲ. ಹಳೆಯ ಖಾತೆಯ ವರ್ಗಾವಣೆ ಅರ್ಜಿ ಒಮ್ಮೆ ತಿರಸ್ಕಾರವಾಗಿ ಮತ್ತೆ ಹೋಗಿದೆ. ಗಂಡನನ್ನು ಮುಂದಿನ ಭೇಟಿಗೆ ಕರೆತರಲು ಒಪ್ಪಿದ್ದಾರೆ.