ತಂಡದಲ್ಲಿ ಜಾಗ ಇರೋದು ಎಣಿಸಿದಷ್ಟೇ

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಮೋಸ ಮಾಡಿ ಸಿಕ್ಕಿಬಿದ್ದ ಬೇಸ್‌ಬಾಲ್ ಆಟಗಾರರ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ಜಾಸ್ತಿಯಾಯಿತು. ಶಿಕ್ಷೆ ಮುಗಿಸಿ ಬಂದವನನ್ನು ತಂಡದಿಂದ ಹೊರಗಿಟ್ಟರೆ ಅದು ಎರಡನೇ ಶಿಕ್ಷೆ ಅಲ್ವಾ? ಯಾರನ್ನು ಆಡಿಸಬೇಕು ಅನ್ನೋದನ್ನು ತಂಡಗಳಿಗೇ ಬಿಡಿ. ಇನ್ನು ನಮ್ಮ ಆಸ್ಟ್ರೋಸ್ ತಂಡದ 2017ರ ಕಥೆ. ಎದುರಾಳಿಯ ಸನ್ನೆ ಕದಿಯೋದು ಈ ಆಟದಲ್ಲಿ ಮೊದಲಿಂದಲೂ ಇದೆ. ಅದರಿಂದ ನಿಜವಾಗಿ ಹಾಳಾದವರು ಯಾರು? ಒಂದು ಹೆಸರು ಹೇಳಿ ನೋಡೋಣ."

ಸಂಪಾದಕರ ಉತ್ತರ:

ನಿಮ್ಮ ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಶಿಕ್ಷೆ ಮುಗಿಸಿದವನಿಗೆ ಆಡುವ ಹಕ್ಕು ವಾಪಸ್ ಸಿಗಲೇಬೇಕು. ಸ್ಯಾನ್ ಡಿಯಾಗೊ ತಂಡದ ಫರ್ನಾಂಡೊ ಟಾಟಿಸ್ ಜೂನಿಯರ್‌ಗೆ 2022ರ ಆಗಸ್ಟಿನಲ್ಲಿ ನಿಷಿದ್ಧ ಔಷಧಿಗಾಗಿ 80 ಪಂದ್ಯಗಳ ನಿಷೇಧ ಬಿತ್ತು. 2023ರ ಏಪ್ರಿಲಿನಲ್ಲಿ ಮರಳಿ ಬಂದ. ಆ ವರ್ಷ ಫೀಲ್ಡಿಂಗ್‌ಗೆ ಗೋಲ್ಡ್ ಗ್ಲೌವ್ ಪ್ರಶಸ್ತಿಯನ್ನೂ ಗೆದ್ದ. ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿರೋದು "ತಂಡಗಳಿಗೇ ಬಿಡಿ" ಅನ್ನೋ ಮಾತಿನಲ್ಲಿ. ಹಾಗೆ ಬಿಟ್ಟ ಕಾಲವೊಂದಿತ್ತು. ಆಗ ಏನಾಯಿತು ಅನ್ನೋದು ದಾಖಲೆಯಲ್ಲಿದೆ.

ಈ ಆಟ ಅಷ್ಟಾಗಿ ನೋಡದ ಓದುಗರಿಗಾಗಿ ಒಂದೆರಡು ಮಾತು. ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಪ್ರತಿ ತಂಡದ ದೊಡ್ಡ ಪಟ್ಟಿಯಲ್ಲಿ 40 ಹೆಸರು. ಪಂದ್ಯಕ್ಕೆ ಸಿದ್ಧವಿರುವ ರೋಸ್ಟರ್‌ನಲ್ಲಿ 26, 2019ರವರೆಗೆ 25. ಮಿಕ್ಕವರು ಕೆಳಗಿನ ಮೈನರ್ ಲೀಗಿನಲ್ಲಿ ಕಾಯುತ್ತಾರೆ. ಮೇಲಿದ್ದರೆ 2017ರಲ್ಲಿ ವರ್ಷಕ್ಕೆ ಕನಿಷ್ಠ 5,35,000 ಡಾಲರ್ ಸಂಬಳ. ಕೆಳಗೆ ಅದರ ಸಣ್ಣ ಪಾಲು. ಮೇಲೆ 43 ದಿನ ಸೇವೆ ತುಂಬಿದರೆ ಪಿಂಚಣಿಗೆ ಅರ್ಹತೆ. ಹಾಗಾಗಿ ಪಟ್ಟಿಯ ಕೊನೆಯ ಎರಡು ಮೂರು ಜಾಗಗಳಿಗೆ ಎಂಥ ಹೋರಾಟ ಇರುತ್ತದೆ ಅಂತ ನೀವೇ ಊಹಿಸಿ. ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗಲೇಬೇಕು.

ಈಗ 2012ಕ್ಕೆ ಬನ್ನಿ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಮೆಲ್ಕಿ ಕ್ಯಾಬ್ರೆರಾ ಆ ವರ್ಷ ಅದ್ಭುತವಾಗಿ ಆಡುತ್ತಿದ್ದ. ಬ್ಯಾಟಿಂಗ್ ಸರಾಸರಿ 0.346, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ ಸುಮಾರು 35 ಹಿಟ್ (ಚೆಂಡು ಹೊಡೆದು ಬೇಸ್ ತಲುಪೋದು). ಜುಲೈನ ಆಲ್-ಸ್ಟಾರ್ ಪಂದ್ಯದಲ್ಲಿ ಅವನೇ ಶ್ರೇಷ್ಠ ಆಟಗಾರ. ಆಗಸ್ಟ್ 15ರಂದು ಟೆಸ್ಟೋಸ್ಟೆರಾನ್ ಬಳಸಿ ಸಿಕ್ಕಿಬಿದ್ದ. ಆಗಿನ ನಿಯಮದಂತೆ 50 ಪಂದ್ಯಗಳ ನಿಷೇಧ. ಲೀಗಿನಲ್ಲಿ ತಂಡಕ್ಕೆ ಉಳಿದಿದ್ದದ್ದು 45 ಪಂದ್ಯ. ಪ್ಲೇಆಫ್‌ನ ಮೊದಲ ಐದು ಪಂದ್ಯ ಕಳೆದರೆ ಅವನು ಮತ್ತೆ ಆಡಬಹುದಿತ್ತು. ಸಿನ್ಸಿನಾಟಿ ವಿರುದ್ಧದ ಮೊದಲ ಸರಣಿ ಸರಿಯಾಗಿ ಐದು ಪಂದ್ಯಕ್ಕೇ ಹೋಯಿತು, ಜೈಂಟ್ಸ್ ಗೆದ್ದಿತು. ಮುಂದಿನ ಸರಣಿಗೆ ನಿಯಮ ಅಡ್ಡ ಬರುತ್ತಿರಲಿಲ್ಲ. ತಂಡವೇ ಅವನು ಬೇಡ ಎಂದಿತು.

ಅವನ ಜಾಗದಲ್ಲಿ, ಲೆಫ್ಟ್ ಫೀಲ್ಡಿನಲ್ಲಿ, ಆಡಿದವನು ಗ್ರೆಗರ್ ಬ್ಲಾಂಕೊ. ಈ ಹೆಸರನ್ನು ನಾನು ಮರೆಯಲಾರೆ. ಬ್ಲಾಂಕೊ ಅದರ ಹಿಂದಿನ ವರ್ಷ ಪೂರ್ತಿ ಮೈನರ್ ಲೀಗಿನಲ್ಲೇ ಇದ್ದ. 2012ರಲ್ಲಿ ಜೈಂಟ್ಸ್ ತಂಡದ ತರಬೇತಿಗೆ ಬಂದಾಗ 40ರ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಚೆನ್ನಾಗಿ ಆಡಿದರೆ ನೋಡೋಣ ಅನ್ನೋ ಹಾಗೆ ಕರೆಸಿದ್ದರು. ಅಂಥವನು ಅಕ್ಟೋಬರಿನಲ್ಲಿ ಡೆಟ್ರಾಯಿಟ್ ಟೈಗರ್ಸ್ ವಿರುದ್ಧದ ವರ್ಲ್ಡ್ ಸೀರೀಸ್ ಫೈನಲ್ ಸರಣಿಯಲ್ಲಿ ಆಡಿದ. ಮೊದಲ ಪಂದ್ಯದಲ್ಲಿ ನೆಲಕ್ಕೆ ಹಾರಿ ಎರಡು ಕ್ಯಾಚ್ ಹಿಡಿದ. ಎರಡನೇ ಪಂದ್ಯದಲ್ಲಿ ಮೂಲೆಯಿಂದ ಅವನು ಎಸೆದ ಚೆಂಡು ಸಹ ಆಟಗಾರ ಸ್ಕುಟಾರೊ ಕೈಗೆ ಬಂತು. ಅಲ್ಲಿಂದ ಕ್ಯಾಚರ್ ಪೋಸಿಯ ಕೈಗೆ. ರನ್ನಿಗಾಗಿ ಓಡಿಬಂದ ಡೆಟ್ರಾಯಿಟ್‌ನ ಪ್ರಿನ್ಸ್ ಫೀಲ್ಡರ್, ರನ್ ಪೂರ್ತಿಯಾಗುವ ಹೋಮ್ ಪ್ಲೇಟಿನಲ್ಲೇ ಔಟ್. ಅದೇ ಪಂದ್ಯದಲ್ಲಿ ಬ್ಲಾಂಕೊ ಬಂಟ್ ಮಾಡಿದ (ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿದ) ಚೆಂಡು ಗೆರೆಯ ಪಕ್ಕದಲ್ಲೇ ಉರುಳಿ ಒಳಗೇ ನಿಂತಿತು. ಮೊದಲ ರನ್ ಬಂದದ್ದು ಆ ಇನಿಂಗ್ಸಿನಲ್ಲೇ. ಪಂದ್ಯ 2-0. ಜೈಂಟ್ಸ್ ಸರಣಿಯನ್ನು 4-0ಯಿಂದ ಗೆದ್ದಿತು.

ಕ್ಯಾಬ್ರೆರಾ ವಾಪಸ್ ಬಂದಿದ್ದರೆ ಇದೆಲ್ಲ ಬ್ಲಾಂಕೊ ಪಾಲಿಗೆ ಬರುತ್ತಿತ್ತೇ? ನೀವು ಎರಡನೇ ಶಿಕ್ಷೆ ಅಂದಿರಿ. ನನಗೆ ಅಲ್ಲಿ ಕಾಣೋದು ಪ್ರಾಮಾಣಿಕವಾಗಿ ಆಡಿದವನಿಗೆ ಸಿಕ್ಕ ನ್ಯಾಯ.

ಆದರೆ ಎಲ್ಲ ತಂಡಗಳೂ ಜೈಂಟ್ಸ್ ಅಲ್ಲ. ಮರುವರ್ಷ, 2013ರಲ್ಲಿ, ಬಯೋಜೆನೆಸಿಸ್ ಎಂಬ ಕ್ಲಿನಿಕ್ ಆಟಗಾರರಿಗೆ ನಿಷಿದ್ಧ ಔಷಧಿ ಕೊಟ್ಟ ಹಗರಣದಲ್ಲಿ ಡೆಟ್ರಾಯಿಟ್‌ನ ಜಾನಿ ಪೆರಾಲ್ಟಾಗೆ 50 ಪಂದ್ಯಗಳ ನಿಷೇಧ ಬಿತ್ತು. ಲೀಗ್ ಮುಗಿಯುವ ಹೊತ್ತಿಗೆ ಅದು ತೀರಿತು. ತಂಡ ಅವನನ್ನು ಪ್ಲೇಆಫ್ ಪಟ್ಟಿಗೆ ಹಾಕಿಕೊಂಡಿತು. ಓಕ್ಲೆಂಡ್ ವಿರುದ್ಧ ನಾಲ್ಕನೇ ಪಂದ್ಯದಲ್ಲಿ ಅವನು ಹೊಡೆದ ಮೂರು ರನ್ನಿನ ಹೋಮ್ ರನ್ ಸೋಲಿನ ಅಂಚಿನಲ್ಲಿದ್ದ ತಂಡವನ್ನು ಉಳಿಸಿತು. ಆ ನವೆಂಬರಿನಲ್ಲೇ ಸೇಂಟ್ ಲೂಯಿಸ್ ತಂಡ ಅವನಿಗೆ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್ ಕೊಟ್ಟಿತು. ಅದೇ ಹಗರಣದ ನೆಲ್ಸನ್ ಕ್ರೂಜ್‌ನನ್ನು ಟೆಕ್ಸಾಸ್ ರೇಂಜರ್ಸ್ ಕೂಡ ನಿಷೇಧ ಮುಗಿದ ಕೂಡಲೇ ಆಡಿಸಿತು. ಪ್ಲೇಆಫ್‌ಗೆ ಯಾರು ಹೋಗಬೇಕು ಅಂತ ತೀರ್ಮಾನಿಸುವ ಪಂದ್ಯ ಅದು. ರೇಂಜರ್ಸ್ ಸೋತಿತು ಅನ್ನೋದು ಬೇರೆ ಮಾತು.

ಹೀಗೆ ತಂಡಕ್ಕೆ ಬಿಟ್ಟರೆ ತಂಡ ನೋಡೋದು ತನ್ನ ಅಗತ್ಯವನ್ನು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮ್ಯಾನೇಜರ್ ಕೆಲಸ ಉಳಿಯೋದು ಗೆಲುವಿನಿಂದ. ಅದಕ್ಕೇ 2014ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಕೂತು ನಿಯಮ ಬದಲಾಯಿಸಿದವು. ಮೊದಲ ಸಲ ಸಿಕ್ಕಿಬಿದ್ದರೆ 80 ಪಂದ್ಯ, ಎರಡನೇ ಸಲ 162, ಅಂದರೆ ಇಡೀ ಸೀಸನ್. ಜೊತೆಗೆ, ಸೀಸನ್ನಿನ ನಡುವೆ ನಿಷೇಧಕ್ಕೊಳಗಾದವನು ಆ ವರ್ಷದ ಪ್ಲೇಆಫ್ ಆಡುವಂತಿಲ್ಲ. ನಿಷೇಧವಾದ ಆಟಗಾರ ಪಟ್ಟಿಯ ಲೆಕ್ಕಕ್ಕೆ ಬರೋದೂ ಇಲ್ಲ. ಹಾಗಾಗಿ ಅವನ ಜಾಗಕ್ಕೆ ಇನ್ನೊಬ್ಬ ಬರಬಹುದು. ಆ ಜಾಗವನ್ನು ಖಾಲಿ ಇಟ್ಟು ತಂಡಕ್ಕೆ ಬಿಸಿ ಮುಟ್ಟಿಸಬೇಕು ಅನ್ನೋರಿದ್ದಾರೆ. ನನಗದು ಸರಿ ಕಾಣಲ್ಲ. ಖಾಲಿ ಇಟ್ಟರೆ ಏಟು ಬೀಳೋದು ಇನ್ನೊಬ್ಬ ಬ್ಲಾಂಕೊಗೆ.

ಈಗ ನೀವು ಕೇಳಿದ ಹೆಸರು. ಮೈಕ್ ಬೋಲ್ಸಿಂಗರ್.

2017ರ ಆಗಸ್ಟ್ 4. ಟೊರಾಂಟೊ ಬ್ಲೂ ಜೇಸ್ ತಂಡ ನಿಮ್ಮ ಊರಿಗೆ ಬಂದಿತ್ತು. ಬೋಲ್ಸಿಂಗರ್ ಆ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು. ಸ್ಟಾರ್ ಅಲ್ಲ, ಪಟ್ಟಿಯ ತುದಿಯಲ್ಲಿದ್ದವನು. ಆ ದಿನ 29 ಎಸೆತ ಹಾಕಿ ಒಬ್ಬನನ್ನು ಮಾತ್ರ ಔಟ್ ಮಾಡಿದ. ನಾಲ್ಕು ಹಿಟ್, ಮೂರು ವಾಕ್ (ತಪ್ಪು ಎಸೆತಗಳಿಂದ ಬಿಟ್ಟಿಯಾಗಿ ಕೊಟ್ಟ ಬೇಸ್), ನಾಲ್ಕು ರನ್. ಆಸ್ಟ್ರೋಸ್ 16-7ರಿಂದ ಗೆದ್ದಿತು. ಅವನನ್ನು ಮೈನರ್ ಲೀಗಿಗೆ ಇಳಿಸಿದರು. ಮತ್ತೆ ಅವನು ಮೇಜರ್ ಲೀಗಿಗೆ ಹತ್ತಲಿಲ್ಲ.

ಆ ವರ್ಷ ಆಸ್ಟ್ರೋಸ್ ಏನು ಮಾಡುತ್ತಿತ್ತು ಅಂತ ನಿಮಗೆ ಗೊತ್ತು. ಯಾವ ಎಸೆತ ಹಾಕಬೇಕು ಅಂತ ಕ್ಯಾಚರ್ ತನ್ನ ಪಿಚರ್‌ಗೆ ತೋರಿಸುವ ಬೆರಳ ಸನ್ನೆಯನ್ನು ಸೆಂಟರ್ ಫೀಲ್ಡಿನ ಕ್ಯಾಮೆರಾ ಹಿಡಿಯುತ್ತಿತ್ತು. ಡಗೌಟಿನ ಪಕ್ಕದ ಪರದೆಯಲ್ಲಿ ಅದನ್ನು ನೋಡಿ, ನಿಧಾನದ ಎಸೆತ ಬರೋದಿದ್ದರೆ ಕಸದ ಡಬ್ಬ ಬಡಿಯುತ್ತಿದ್ದರು. ಸದ್ದಿಲ್ಲದಿದ್ದರೆ ಫಾಸ್ಟ್‌ಬಾಲ್. ಆಸ್ಟ್ರೋಸ್ ಅಭಿಮಾನಿಯೊಬ್ಬರೇ ತಾಳ್ಮೆಯಿಂದ ಆ ವರ್ಷದ ತವರಿನ ಪಂದ್ಯಗಳ ವಿಡಿಯೊ ಕೇಳಿ 1,143 ಬಡಿತ ಗುರುತಿಸಿದರು. ಅವುಗಳಲ್ಲಿ ಅತಿ ಹೆಚ್ಚು ಕೇಳಿಸಿದ ಪಂದ್ಯ ಆಗಸ್ಟ್ 4ರದ್ದು, 54 ಬಡಿತ. ಎರಡನೇ ಬೇಸಿನಲ್ಲಿ ನಿಂತವನು ಕಣ್ಣಿಂದ ಸನ್ನೆ ಓದಿದರೆ ಅದು ಆಟದ ಜಾಣತನ, ಒಪ್ಪೋಣ. ಕ್ಯಾಮೆರಾ ಬಂದರೆ ಆ ಮಾತು ನಿಲ್ಲಲ್ಲ.

ಬೋಲ್ಸಿಂಗರ್ ಹೇಗಿದ್ದರೂ ಇಳಿಯುತ್ತಿದ್ದ, ಆ ಸೀಸನ್ ಅವನಿಗೆ ಮೊದಲೇ ಚೆನ್ನಾಗಿರಲಿಲ್ಲ ಅಂತ ನೀವು ಹೇಳಬಹುದು. ಇರಬಹುದು. ಆದರೆ ಅದನ್ನು ತಿಳಿಯುವ ದಾರಿಯನ್ನೇ ಮೋಸ ಮುಚ್ಚಿಹಾಕಿತಲ್ಲ. ಅವನು ಜಪಾನಿಗೆ ಹೋಗಿ ಚಿಬಾ ಲೊಟ್ಟೆ ತಂಡ ಸೇರಿದ. 2018ರಲ್ಲಿ ಅಲ್ಲಿ 13 ಗೆಲುವು, ಎರಡೇ ಸೋಲು. ಅಂದರೆ ತೋಳಿನಲ್ಲಿ ಆಟ ಇತ್ತು.

2020ರ ಜನವರಿಯಲ್ಲಿ ಲೀಗ್ ಶಿಕ್ಷೆ ಹೇಳಿತು. ಜನರಲ್ ಮ್ಯಾನೇಜರ್ ಜೆಫ್ ಲೂನೊ ಮತ್ತು ಮ್ಯಾನೇಜರ್ ಎ. ಜೆ. ಹಿಂಚ್‌ಗೆ ಒಂದು ವರ್ಷದ ಅಮಾನತು. ಅದೇ ದಿನ ಮಾಲೀಕರು ಇಬ್ಬರನ್ನೂ ಕೆಲಸದಿಂದ ತೆಗೆದರು. ತಂಡಕ್ಕೆ 50 ಲಕ್ಷ ಡಾಲರ್ ದಂಡ. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಎರಡು ವರ್ಷ ಮೊದಲೆರಡು ಸುತ್ತಿನ ಆಯ್ಕೆಗಳೂ ಹೋದವು. ಆಟಗಾರರಿಗೆ ಏನೂ ಆಗಲಿಲ್ಲ. ಬಾಯಿ ಬಿಟ್ಟರೆ ಶಿಕ್ಷೆ ಇಲ್ಲ ಎಂದು ಮಾತು ಕೊಟ್ಟು ತನಿಖೆ ನಡೆಸಿದ್ದರು. ಡಬ್ಬದ ಸದ್ದು ಕೇಳಿ ಬ್ಯಾಟ್ ಬೀಸಿದವರ ಜಾಗ ಭದ್ರವಾಗಿ ಉಳಿಯಿತು. ಇದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ.

ಆ ಫೆಬ್ರವರಿಯಲ್ಲಿ ಬೋಲ್ಸಿಂಗರ್ ಲಾಸ್ ಏಂಜಲೀಸಿನಲ್ಲಿ ಆಸ್ಟ್ರೋಸ್ ಮೇಲೆ ದಾವೆ ಹೂಡಿದ. ಈ ಕೇಸು ತನ್ನ ವ್ಯಾಪ್ತಿಯದಲ್ಲ ಎಂದು ಕ್ಯಾಲಿಫೋರ್ನಿಯಾದ ಕೋರ್ಟು ಮರಳಿಸಿತು. ಆ ದಾವೆಯಲ್ಲಿ ಒಂದು ಬೇಡಿಕೆ ನನಗೆ ತುಂಬ ಹಿಡಿಸಿತು. 2017ರ ವರ್ಲ್ಡ್ ಸೀರೀಸ್ ಗೆಲುವಿನಿಂದ ಆಸ್ಟ್ರೋಸ್‌ಗೆ ಬಂದ ಸುಮಾರು 3.1 ಕೋಟಿ ಡಾಲರ್ ಬೋನಸ್ ಹಣವನ್ನು ಲಾಸ್ ಏಂಜಲೀಸಿನ ಮಕ್ಕಳ ಸೇವಾ ಸಂಸ್ಥೆಗಳಿಗೆ, ಕಷ್ಟದಲ್ಲಿರುವ ನಿವೃತ್ತ ಆಟಗಾರರಿಗೆ ಕೊಡಿಸಿ ಎಂದು ಅವನು ಕೇಳಿದ್ದ.

ನನ್ನ ಬೇಡಿಕೆಯೂ ಆ ದಾರಿಯದ್ದೇ. ಇಂಥ ಮೋಸ ಸಾಬೀತಾದಾಗ ದಂಡದ ಹಣ ಆ ಪಂದ್ಯಗಳಿಂದ ಜಾಗ ಕಳೆದುಕೊಂಡವರಿಗೆ ಹೋಗಲಿ. ಅವರ ಸೇವೆಯ ಲೆಕ್ಕಕ್ಕೆ ಒಂದಿಷ್ಟು ದಿನ ಸೇರಲಿ, ಪಿಂಚಣಿಗಾದರೂ ಬಂದೀತು. ಬ್ಯಾಟ್ ಬೀಸಿದವರ ಸಂಬಳದಿಂದಲೂ ಪಾಲು ಬರಲಿ. ನಿಮ್ಮ ತಂಡ 2022ರಲ್ಲಿ ಫಿಲಡೆಲ್ಫಿಯಾವನ್ನು ಸೋಲಿಸಿ ಮತ್ತೆ ಚಾಂಪಿಯನ್ ಆಯಿತು. ಆ ಗೆಲುವನ್ನು ನಾನೂ ಖುಷಿಯಿಂದ ನೋಡಿದ್ದೇನೆ. ಆಸ್ಟ್ರೋಸ್ ಅಭಿಮಾನಿಯಾಗಿ ಈ ಬೇಡಿಕೆಗೆ ನೀವು ಸಹಿ ಹಾಕ್ತೀರಾ? ಇಲ್ಲ ಅಂದರೆ ಯಾಕೆ ಅಂತ ಬರೆಯಿರಿ. ಆ ಪತ್ರವನ್ನು ಪೂರ್ತಿ ಹಾಕುತ್ತೇವೆ.