ಮಗಳ ಬ್ರಿಟಿಷ್ ಪಾಸ್‌ಪೋರ್ಟ್ ರಿನ್ಯೂವಲ್: ಕೌಂಟರ್‌ಸೈನ್‌ಗೆ ಯಾರನ್ನು ಕೇಳೋದು, ಫೋಟೊ ಮನೆಯಲ್ಲೇ ತೆಗೀಬಹುದಾ?

5 ವರ್ಷದ ಮಗಳ ಪಾಸ್‌ಪೋರ್ಟ್ ಮುಗೀತಾ ಇದೆ, ಇಲ್ಲಿ ಪರಿಚಯದವರೆಲ್ಲ ಡಾಕ್ಟರ್‌ಗಳೇ, ಡಾಕ್ಟರ್ ಕೌಂಟರ್‌ಸೈನ್ (ಫೋಟೊದಲ್ಲಿರೋದು ಅದೇ ಮಗು ಅಂತ ಪರಿಚಯದವರು ದೃಢೀಕರಿಸೋದು) ಮಾಡೋ ಹಾಗಿಲ್ಲ ಅಂತ ಯಾರೋ ಹೇಳಿದ್ದಾರೆ ಅಂತ ಬರೆದಿದ್ದೀರಿ. ನಿಮಗೆ ಹೇಳಿದವರ ಮಾತು ಅರ್ಧ ಮಾತ್ರ ಸರಿ. ಡಾಕ್ಟರ್ ಆಗಿದ್ದರೆ, ತಾನು ನಿಮಗೆ ಒಳ್ಳೆಯ ಸ್ನೇಹಿತ, ಫೋಟೊ ನೋಡಿದರೆ ಸುಲಭವಾಗಿ ಗುರುತು ಹಿಡಿಯಬಲ್ಲೆ ಅಂತ ಅವರು ಹೇಳುವಂತಿರಬೇಕು. ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ನೋಡಿ ಕಳಿಸುವ ಜಿಪಿ (ಫ್ಯಾಮಿಲಿ ಡಾಕ್ಟರ್) ಬೇಡ. ಹಬ್ಬಕ್ಕೆ ಮನೆಗೆ ಬಂದುಹೋಗುವ ಗೆಳೆಯ ಡಾಕ್ಟರಾಗಿದ್ದರೆ ಧೈರ್ಯವಾಗಿ ಕೇಳಿ.

ನಾನು ಇಲ್ಲಿ ಬ್ರಿಟನ್ನಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ನಮ್ಮ ಕನ್ನಡದವರ ಮಕ್ಕಳ ಅರ್ಜಿಗೆ ಬೇಕಾದಷ್ಟು ಸಲ ಕೌಂಟರ್‌ಸೈನ್ ಮಾಡಿಕೊಟ್ಟಿದ್ದೇನೆ, ಒಂದಿಬ್ಬರಿಗೆ ಆಗಲ್ಲ ಅಂತಲೂ ಹೇಳಿದ್ದೇನೆ. ದೊಡ್ಡವರ ರಿನ್ಯೂವಲ್‌ಗೆ ಹಳೇ ಫೋಟೊದಲ್ಲಿ ಗುರುತು ಸಿಕ್ಕರೆ ಯಾರ ದೃಢೀಕರಣವೂ ಬೇಕಿಲ್ಲ. 11 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ಪ್ರತಿ ಸಲವೂ ಬೇಕು. ಯೋಚಿಸಿ ನೋಡಿ: ನಿಮ್ಮ ಮಗಳ ಈಗಿನ ಪಾಸ್‌ಪೋರ್ಟಿನಲ್ಲಿರೋದು ಹಸುಗೂಸಿನ ಮುಖ. ಅದೇ ಮಗು ಇದು ಅಂತ ಹೇಳಲು ಅವಳನ್ನು ಕಣ್ಣಾರೆ ಕಂಡ ಒಬ್ಬರು ಬೇಕಲ್ಲ. ಇದನ್ನು ಬರೀ ಶಾಸ್ತ್ರ ಅಂದುಕೊಂಡು, ಯುಗಾದಿ ಕಾರ್ಯಕ್ರಮದಲ್ಲಿ ಒಮ್ಮೆ ಸಿಕ್ಕವರ ಹತ್ತಿರವೆಲ್ಲ ಕೇಳಬೇಡಿ. ಪಾಸ್‌ಪೋರ್ಟ್ ಆಫೀಸಿನವರು ಕೌಂಟರ್‌ಸೈನ್ ಮಾಡಿದವರನ್ನು ಸಂಪರ್ಕಿಸಿ ವಿಚಾರಿಸಲೂಬಹುದು.

ನಿಯಮದ ಪ್ರಕಾರ, ಅರ್ಜಿ ಹಾಕುವ ತಂದೆ ಅಥವಾ ತಾಯಿಯನ್ನು ಕೌಂಟರ್‌ಸೈನ್ ಮಾಡುವವರು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು. ನೆಂಟರಾಗಿರಬಾರದು, ಒಂದೇ ವಿಳಾಸದಲ್ಲಿ ಇರಬಾರದು. ಅವರ ಹತ್ತಿರ ಚಾಲ್ತಿಯಲ್ಲಿರುವ ಬ್ರಿಟಿಷ್ ಅಥವಾ ಐರಿಷ್ ಪಾಸ್‌ಪೋರ್ಟ್ ಇರಬೇಕು. ನಮ್ಮವರಿಗೆ ತೊಡಕಾಗೋದು ಇಲ್ಲೇ, ಎಷ್ಟೋ ಜನ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಸಿಕ್ಕಿದ್ದರೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುತ್ತಾರೆ. ಎಷ್ಟೇ ಆಪ್ತರಾದರೂ ಇಲ್ಲಿಂದ ಹಾಕುವ ಅರ್ಜಿಗೆ ಅವರು ಆಗೋದಿಲ್ಲ. ಕೌಂಟರ್‌ಸೈನ್‌ಗೆ ಒಪ್ಪುವ ವೃತ್ತಿಗಳ ಪಟ್ಟಿ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಟೀಚರ್, ನರ್ಸ್, ಫಾರ್ಮಸಿಸ್ಟ್, ಅಕೌಂಟೆಂಟ್, ವೃತ್ತಿಪರ ಅರ್ಹತೆ ಇರುವ ಎಂಜಿನಿಯರ್, ಪೋಸ್ಟ್ ಆಫೀಸಿನ ಅಧಿಕಾರಿ, ಪಬ್ ಲೈಸೆನ್ಸ್ ಇರುವವರು ಕೂಡ ಅದರಲ್ಲಿದ್ದಾರೆ. ನಿವೃತ್ತರಾಗಿದ್ದರೂ ನಡೆಯುತ್ತದೆ. ಪಕ್ಕದ ಮನೆಯ ರಿಟೈರ್ಡ್ ಟೀಚರಮ್ಮ ಮಗಳನ್ನು ತೊಟ್ಟಿಲಿನಿಂದ ನೋಡುತ್ತಿದ್ದರೆ ಅವರಿಗಿಂತ ಒಳ್ಳೆಯವರು ಸಿಗಲಾರರು.

ಅರ್ಜಿಯಲ್ಲಿ ಅವರ ಹೆಸರು, ಇಮೇಲ್ ಕೊಡುವ ಮುಂಚೆ ಫೋನ್ ಮಾಡಿ ಒಪ್ಪಿಗೆ ಕೇಳಿ, ನಿಮ್ಮ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಅಂತ ಹೇಳಿ. ಪಾಸ್‌ಪೋರ್ಟ್ ಆಫೀಸಿನಿಂದ ಬರುವ ಇಮೇಲಿನ ಲಿಂಕ್ ತೆರೆದು, ಮಗುವಿನ ಫೋಟೊ ನೋಡಿ, ಅವರು ತಮ್ಮ ವಿವರ ತುಂಬಬೇಕಾಗುತ್ತದೆ. ಆ ಇಮೇಲ್ ಸ್ಪ್ಯಾಮಿನಲ್ಲಿ ಬಿದ್ದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಫೋಟೊ ಮನೆಯಲ್ಲೇ ತೆಗೆಯಬಹುದು, ನಾನು ಹೇಳೋದೂ ಅದನ್ನೇ. ಅಂಗಡಿಯ ಸ್ಟೂಲಿನ ಮೇಲೆ ಬಿಗಿದುಕೊಂಡು ಕೂರುವ ಮಗು ಮನೆಯಲ್ಲಿ ಹಗುರವಾಗಿರುತ್ತದೆ. ಕಳೆದ ಒಂದು ತಿಂಗಳಲ್ಲಿ ತೆಗೆದದ್ದೇ ಆಗಬೇಕು. ತಿಳಿಬಣ್ಣದ ಖಾಲಿ ಗೋಡೆಯಿಂದ ಸ್ವಲ್ಪ ಮುಂದೆ ನಿಲ್ಲಿಸಿ, ಇಲ್ಲವಾದರೆ ಹಿಂದೆ ನೆರಳು ಬೀಳುತ್ತದೆ. ಕಿಟಕಿಯ ಬೆಳಕು ಮುಖಕ್ಕೆ ನೇರವಾಗಿ ಬರಲಿ, ಒಂದು ಕೆನ್ನೆ ಬೆಳಗಿ ಇನ್ನೊಂದು ಕಪ್ಪಾಗುವುದು ಬೇಡ. ಕೂದಲು ಕಣ್ಣಿನ ಮೇಲೆ ಬಾರದ ಹಾಗೆ ಬಾಚಿ. ಕೈಯಲ್ಲಿ ಗೊಂಬೆ ಬೇಡ, ಚೌಕಟ್ಟಿನಲ್ಲಿ ನಿಮ್ಮ ಕೈಯೂ ಕಾಣಬಾರದು. 6 ತುಂಬದ ಮಕ್ಕಳು ನೇರ ಕ್ಯಾಮೆರಾ ನೋಡಲೇಬೇಕು, ನಗಲೇಬಾರದು ಅಂತೇನಿಲ್ಲ. ಆದ್ದರಿಂದ ಗದರಿಸಿ ಅಳಿಸಬೇಡಿ. ತಲೆ, ಭುಜ, ಎದೆಯ ಮೇಲ್ಭಾಗ ಎಲ್ಲ ಬರುವಂತೆ ದೂರದಿಂದ ತೆಗೆದು ಹಾಗೇ ಅಪ್‌ಲೋಡ್ ಮಾಡಿ, ಕತ್ತರಿಸುವ ಕೆಲಸ ಪಾಸ್‌ಪೋರ್ಟ್ ಆಫೀಸಿನವರೇ ಮಾಡಿಕೊಳ್ಳುತ್ತಾರೆ. ಕನಿಷ್ಠ 600 ಪಿಕ್ಸೆಲ್ ಅಗಲ, 750 ಎತ್ತರ, ಕಡತ 50 ಕೆಬಿಯಿಂದ 10 ಎಂಬಿ ಒಳಗೆ ಇರಬೇಕು. ಫೋನಿನ ಬ್ಯೂಟಿ ಫಿಲ್ಟರ್ ಆಫ್ ಆಗಿದೆಯಾ ಅಂತ ತಪ್ಪದೆ ನೋಡಿಕೊಳ್ಳಿ, ತಿದ್ದಿದ ಚಿತ್ರ ನಡೆಯೋದಿಲ್ಲ.

ಮಗಳಿಗೆ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಅವತ್ತೇ ಇನ್ನಷ್ಟು ಫೋಟೊ ತೆಗೆದಿಟ್ಟುಕೊಳ್ಳಿ. 20 ವರ್ಷದವರೆಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ, ಹೊಸದು ಬಂದ 3 ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೊವನ್ನು ಓಸಿಐ ಜಾಲತಾಣಕ್ಕೆ ಹಾಕಬೇಕು. ಅಲ್ಲಿ ಕೇಳೋದು ಚೌಕಾಕಾರದ ಫೋಟೊ, ಸುತ್ತ ಜಾಗ ಬಿಟ್ಟಿದ್ದರೆ ಅದೂ ಇದರಲ್ಲೇ ಆಗುತ್ತದೆ.